ಗುಟೆನ್‌ಬರ್ಗ್ ಕಪಾಟಿನಲ್ಲಿ ಕ್ಯಾಪ್ಟನ್ ನೆಮೊ: ಹಳೆಯ ವಿಜ್ಞಾನ ಸಾಹಸಗಳನ್ನು ಓದಿಸುವ ಉಚಿತ ಸೇವೆಯೊಂದರ ವಿಮರ್ಶೆ

ಕೆಲವು ವರ್ಷಗಳ ಹಿಂದೆ ನಾನು ಹಣ ಕೊಟ್ಟು ಕೊಂಡ, ನೋಡಲು ಬಹಳ ಅಂದವಾಗಿದ್ದ ಗಟ್ಟಿ ರಟ್ಟಿನ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಪುಸ್ತಕದಲ್ಲಿ, ಸಮುದ್ರದ ತಳಕ್ಕೆ ಇಳಿಯುವವರು ತೊಡುವ ಉಡುಪನ್ನು 'ಬೆಂಡಿನ ಅಂಗಿ' ಎಂದು ಕರೆಯಲಾಗಿತ್ತು. ಗುಂಡು ಮುಳುಗುತ್ತದೆ, ಬೆಂಡು ತೇಲುತ್ತದೆ ಎಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಪ್ರತಿಯೊಂದು ಯಂತ್ರದ ಉದ್ದ, ಅಗಲ, ತೂಕಗಳನ್ನು ಲೆಕ್ಕ ಹಾಕಿ ಬರೆಯುತ್ತಿದ್ದ ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಅವರು ಇಂಥ ತಪ್ಪು ಮಾಡಿರಲಾರರು ಎಂಬ ಅನುಮಾನದಿಂದ ಹುಡುಕುತ್ತ ಹೋದಾಗ, ತಪ್ಪು ಅನುವಾದಕರದೆಂದು ತಿಳಿಯಿತು. ಮುಳುಗುವವರ ಉಡುಪನ್ನು ಸೂಚಿಸುವ ಫ್ರೆಂಚ್ ಪದಕ್ಕೆ ಬಹಳ ಹಿಂದೆ ಬಳಕೆ ತಪ್ಪಿದ್ದ, ತೇಲಿಸುವ ಅಂಗಿ ಎಂಬ ಅರ್ಥವನ್ನು ಹಿಡಿದುಕೊಂಡವರು ಲೂಯಿಸ್ ಪೇಜ್ ಮರ್ಸಿಯರ್ ಎಂಬ ಇಂಗ್ಲಿಷ್ ಪಾದ್ರಿ. 1870ರ ದಶಕದ ಆರಂಭದಲ್ಲಿ ಅವರು ಮಾಡಿದ ಆ ಅನುವಾದದಲ್ಲಿ ಮೂಲದ ಹೆಚ್ಚುಕಡಿಮೆ ಕಾಲು ಭಾಗವೇ ಬಿಟ್ಟುಹೋಗಿದೆ. ನಾನು ಕೊಂಡ ಪುಸ್ತಕದಲ್ಲಿ ಈ ವಿಷಯವನ್ನು ತಿಳಿಸುವ ಒಂದು ಸಾಲೂ ಇರಲಿಲ್ಲ. ಪೂರ್ಣ ಪಾಠ ಎಲ್ಲಿ ಸಿಕ್ಕೀತೆಂದು ಹುಡುಕುತ್ತ ನಾನು ಕೊನೆಗೆ ತಲುಪಿದ್ದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯವನ್ನು. ಅಂದಿನಿಂದ ಅದರ ವಿಜ್ಞಾನ ಸಾಹಸ ಕಥೆಗಳ ಕಪಾಟನ್ನು ಸತತವಾಗಿ ಬಳಸುತ್ತ ಬಂದಿರುವ ಓದುಗನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸೇವೆಯ ಪರಿಚಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಅಕ್ಷರ ಅಕ್ಷರವಾಗಿ ಊಡಿಸಿದ್ದು ಇದರ ಆರಂಭ. ಇಂದು ಇಲ್ಲಿ 70,000ಕ್ಕಿಂತ ಹೆಚ್ಚು ಪುಸ್ತಕಗಳಿವೆ. ನೋಂದಣಿಯ ಅಗತ್ಯವಿಲ್ಲ, ಶುಲ್ಕವಿಲ್ಲ, ಓದುವಾಗ ಜಾಹೀರಾತಿನ ಕಾಟವಿಲ್ಲ. ಬ್ರೌಸರಿನಲ್ಲೇ ಓದಬಹುದು, ಇ-ಪುಸ್ತಕವಾಗಿಯೋ ಬರಿಯ ಪಠ್ಯವಾಗಿಯೋ ಇಳಿಸಿಕೊಳ್ಳಬಹುದು. ಹಳೆಯ ಮುದ್ರಿತ ಪ್ರತಿಯ ಒಂದೊಂದು ಪುಟವನ್ನೂ ಅದರ ಚಿತ್ರದ ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದುವ ಸ್ವಯಂಸೇವಕರ ದೊಡ್ಡ ಬಳಗವೊಂದು 2000ನೇ ಇಸವಿಯಿಂದ ಇದಕ್ಕಾಗಿ ದುಡಿಯುತ್ತಿದೆ. ಯಾರ ಹೆಸರೂ ಮುಖಪುಟದಲ್ಲಿ ಬಾರದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದು ಪುಟದ ಅಲ್ಪವಿರಾಮಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿದವರಿಗೆ ಅದರ ಹಿಂದಿನ ತಾಳ್ಮೆ ಎಷ್ಟೆಂಬುದು ಅರ್ಥವಾಗುತ್ತದೆ.

ಈ ಕಪಾಟು ಮುಖ್ಯವೆಂದು ನಾನು ಭಾವಿಸುವುದಕ್ಕೆ ಒಂದೇ ಕಾರಣವಿದೆ. ವಿಜ್ಞಾನ ಸಾಹಸದ ಅಭಿಜಾತ ಕೃತಿಗಳನ್ನು ನಮ್ಮಲ್ಲಿ ಹೆಚ್ಚಿನವರು ಓದುವ ಮೊದಲೇ ನೋಡಿಬಿಟ್ಟಿರುತ್ತೇವೆ. ಚಲನಚಿತ್ರ, ಚಿತ್ರಕಥೆ, ಆಟಿಕೆ, ವಿಡಿಯೋ ಆಟಗಳು ಆ ಕೃತಿಗಳಿಂದ ಯಂತ್ರವನ್ನೋ ರಕ್ಕಸನನ್ನೋ ಎತ್ತಿಕೊಂಡು, ಅವು ಕೇಳಿದ ಪ್ರಶ್ನೆಗಳನ್ನು ಪುಸ್ತಕದಲ್ಲೇ ಬಿಟ್ಟು ಬಂದಿವೆ. ಹಾಗೆ ಉಳಿದುಹೋದದ್ದನ್ನು ಯಾರು ಬೇಕಾದರೂ ಹೋಗಿ ನೋಡಿ ಬರುವಂತೆ ಮಾಡಿರುವುದೇ ಈ ಸೇವೆಯ ದೊಡ್ಡ ಉಪಕಾರ.

'ಫ್ರಾಂಕೆನ್‌ಸ್ಟೈನ್' ಇದಕ್ಕೆ ಎದ್ದು ಕಾಣುವ ನಿದರ್ಶನ. ಈ ತಾಣದಲ್ಲಿ ಅತಿ ಹೆಚ್ಚು ಇಳಿಸಿಕೊಳ್ಳಲಾಗುವ ಪುಸ್ತಕಗಳ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಮೇಲಿನ ಸಾಲಿನಲ್ಲೇ ಇರುತ್ತದೆ. ಹೆಸರು ಹೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಪ್ಪಟೆ ತಲೆ, ಕತ್ತಿನ ಎರಡು ಬದಿಯ ಲೋಹದ ಮೊಳೆಗಳು, ಭಾರವಾದ ನಡಿಗೆ ಇವೆಲ್ಲವೂ 1931ರ ಚಲನಚಿತ್ರದಲ್ಲಿ ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಮತ್ತು ನಟ ಬೋರಿಸ್ ಕಾರ್ಲಾಫ್ ಕೂಡಿ ರೂಪಿಸಿದವು. ಮಿಂಚಿನಿಂದ ಜೀವ ತುಂಬುವ ಆ ಪ್ರಸಿದ್ಧ ಪ್ರಯೋಗಶಾಲೆಯೂ ಅದೇ ಚಿತ್ರದ ಕೊಡುಗೆ. ಮೇರಿ ಶೆಲ್ಲಿ ಅವರ ಕಾದಂಬರಿಯಲ್ಲಿ ಆ ಸನ್ನಿವೇಶಕ್ಕೆ ಇರುವುದು ನವೆಂಬರಿನ ಒಂದು ರಾತ್ರಿ, ಕಿಟಕಿಗೆ ಬಡಿಯುವ ಮಳೆ, ಮುಗಿಯುತ್ತ ಬಂದ ಒಂದು ಮೇಣದ ಬತ್ತಿ, ಅಷ್ಟೇ. ಗೂನು ಬೆನ್ನಿನ ಸಹಾಯಕನೂ ಅಲ್ಲಿಲ್ಲ. ಹೆಸರಂತೂ ಸೃಷ್ಟಿಸಿದವನದು, ಸೃಷ್ಟಿಯಾದ ಜೀವಿಗೆ ಯಾರೂ ಹೆಸರಿಡುವುದೇ ಇಲ್ಲ.

ಇಷ್ಟು ವಿವರಗಳು ಈಗ ಬಹಳ ಜನರಿಗೆ ಗೊತ್ತು. ಆದರೆ ಪುಸ್ತಕವನ್ನು ತೆರೆದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಆ ಜೀವಿಯ ಮಾತು. 1931ರ ಚಿತ್ರದಲ್ಲಿ ಬರಿದೇ ಗುರುಗುಡುವ ಅದು, ಕಾದಂಬರಿಯ ನಡುಭಾಗದಲ್ಲಿ ಹಲವು ಅಧ್ಯಾಯಗಳಷ್ಟು ದೀರ್ಘವಾಗಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಗುಡಿಸಿಲಿನಲ್ಲಿ ಅಡಗಿ ಕುಳಿತು, ಗೋಡೆಯ ಬಿರುಕಿನಿಂದ ಅವರನ್ನು ನೋಡುತ್ತ ಭಾಷೆ ಕಲಿಯುತ್ತದೆ. ಕಾಡಿನಲ್ಲಿ ಸಿಕ್ಕ ಚೀಲದಿಂದ ಮಿಲ್ಟನ್, ಪ್ಲೂಟಾರ್ಕ್, ಗಯಟೆ ಇವರ ಕೃತಿಗಳನ್ನು ಓದುತ್ತದೆ. ತನ್ನನ್ನು ಹುಟ್ಟಿಸಿದವನು ತನ್ನ ಹೊಣೆಯನ್ನು ಏಕೆ ಹೊರಲಿಲ್ಲ ಎಂದು ಕೇಳುತ್ತದೆ. ಮನುಷ್ಯ ತಾನೇ ಕಟ್ಟಿದ್ದಕ್ಕೆ ತಾನೇ ಹೆದರುವ ಕಥೆಗಳು ಆಮೇಲೆ ಸಾವಿರಾರು ಬಂದವು; ಕೃತಕ ಬುದ್ಧಿಮತ್ತೆಯ ಬಗೆಗಿನ ಇಂದಿನ ಚರ್ಚೆಗಳಲ್ಲೂ ಈ ಕಾದಂಬರಿಯ ಹೆಸರು ಮರಳಿ ಮರಳಿ ಕೇಳಿಸುತ್ತದೆ. ಆದರೆ ಶೆಲ್ಲಿ ಅವರು ಕೇಳಿದ ಪ್ರಶ್ನೆ, ಅಂದರೆ ಕಟ್ಟಿದವನು ಬಿಟ್ಟು ಓಡಿದರೆ ಕಟ್ಟಿದ್ದರ ಗತಿ ಏನು ಎಂಬುದು, ಆ ಸಾವಿರಾರು ಕಥೆಗಳಲ್ಲಿ ಸಿಗುವುದು ಅಪರೂಪ. 1816ರ ಬೇಸಿಗೆಯಲ್ಲಿ, ಹಿಂದಿನ ವರ್ಷದ ಟಂಬೋರಾ ಜ್ವಾಲಾಮುಖಿಯ ಬೂದಿ ಯುರೋಪಿನ ಬಿಸಿಲನ್ನು ನುಂಗಿದ್ದಾಗ, ಜಿನೀವಾ ಸರೋವರದ ಬಳಿಯ ಮನೆಯೊಂದರಲ್ಲಿ ಇದನ್ನು ಬರೆಯಲು ತೊಡಗಿದಾಗ ಅವರಿಗೆ 18 ವರ್ಷ. 1818ರ ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರೂ ಇರಲಿಲ್ಲ. ಮೊದಲ ಪಾಠ ಮತ್ತು 1831ರಲ್ಲಿ ಅವರೇ ತಿದ್ದಿದ ಪಾಠ ಎರಡೂ ಇಲ್ಲಿ ಪ್ರತ್ಯೇಕವಾಗಿ ದೊರೆಯುತ್ತವೆ. ಮೊದಲ ಓದಿಗೆ 1818ರದನ್ನೇ ನಾನು ಸೂಚಿಸುತ್ತೇನೆ. ಅದರಲ್ಲಿ ವಿಧಿಯನ್ನು ದೂರುವ ಮಾತು ಕಡಿಮೆ, ಆದ್ದರಿಂದ ಜೀವಿಯನ್ನು ಸೃಷ್ಟಿಸಿದ ವಿಕ್ಟರನ ಹೊಣೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಈಗ ವರ್ನ್ ಅವರ ಕಾದಂಬರಿಯ ಜಲಾಂತರ್ಗಾಮಿ ನಾಟಿಲಸ್ಸಿನ ಕ್ಯಾಪ್ಟನ್ ನೆಮೊನ ವಿಷಯ. ನಿಜ ಹೇಳಬೇಕೆಂದರೆ ಈ ವಿಮರ್ಶೆಯನ್ನು ಬರೆಯಲು ಕುಳಿತದ್ದೇ ಅವನಿಗಾಗಿ. 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' 1869ರಿಂದ 1870ರವರೆಗೆ ಫ್ರೆಂಚ್ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಹೆಸರಿನಲ್ಲಿರುವ 20,000 ಲೀಗ್ ಎಂಬುದನ್ನು ಆಳವೆಂದು ತಿಳಿದುಕೊಂಡವರು ಇಂದಿಗೂ ಇದ್ದಾರೆ. ಅದು ನೀರಿನೊಳಗೆ ಕ್ರಮಿಸಿದ ದೂರ, ಸುಮಾರು 80,000 ಕಿಲೋಮೀಟರು. ಜನಪ್ರಿಯ ಕಲ್ಪನೆಯ ನಾಟಿಲಸ್, ಅಂದರೆ ಹಲ್ಲು ಹಲ್ಲಾದ ಬೆನ್ನು, ದಪ್ಪ ರಿವೆಟ್ಟುಗಳು, ಹೊಳೆಯುವ ಕಣ್ಣುಗಳುಳ್ಳ ಕಬ್ಬಿಣದ ಮೃಗದಂಥ ಹಡಗು, 1954ರ ಡಿಸ್ನಿ ಚಿತ್ರಕ್ಕಾಗಿ ಹಾರ್ಪರ್ ಗಾಫ್ ರೂಪಿಸಿದ್ದು. ಹಬೆಯಂತ್ರಗಳ ಕಾಲದ ಸೊಬಗನ್ನು ಭವಿಷ್ಯಕ್ಕೆ ಬೆಸೆಯುವ 'ಸ್ಟೀಮ್‌ಪಂಕ್' ಎಂಬ ಇಡೀ ಶೈಲಿಯ ಮೇಲೆ ಆ ವಿನ್ಯಾಸದ ನೆರಳು ದಟ್ಟವಾಗಿದೆ. ವರ್ನ್ ಅವರ ನಾಟಿಲಸ್ಸಿನಲ್ಲಾದರೋ ಹಬೆಯೇ ಇಲ್ಲ. ಎರಡೂ ತುದಿ ಚೂಪಾದ ಸಿಗಾರಿನ ಆಕಾರದ, 70 ಮೀಟರ್ ಉದ್ದ, 8 ಮೀಟರ್ ಅಗಲದ ಆ ನೌಕೆ ನಡೆಯುವುದು ವಿದ್ಯುತ್ತಿನಿಂದ. ಆ ವಿದ್ಯುತ್ತಿಗೆ ಬೇಕಾದ ಸೋಡಿಯಂ ಬರುವುದು ಸಮುದ್ರದ ನೀರಿನಿಂದಲೇ. ಒಳಗೆ 12,000 ಪುಸ್ತಕಗಳ ಗ್ರಂಥಾಲಯವಿದೆ. ನೌಕೆಯ ಹೆಸರು ವರ್ನ್ ಅವರ ಸೃಷ್ಟಿಯಲ್ಲ, 1800ರಲ್ಲೇ ರಾಬರ್ಟ್ ಫುಲ್ಟನ್ ತಮ್ಮ ಮುಳುಗುನೌಕೆಗೆ ಅದನ್ನಿಟ್ಟಿದ್ದರು. ಆದರೆ 1954ರ ಜನವರಿಯಲ್ಲಿ ನೀರಿಗಿಳಿದು, 1958ರ ಆಗಸ್ಟಿನಲ್ಲಿ ಉತ್ತರ ಧ್ರುವದ ಹಿಮದ ಅಡಿಯಲ್ಲಿ ಹಾದುಹೋದ ಮೊದಲ ಅಣುಶಕ್ತಿ ಜಲಾಂತರ್ಗಾಮಿಗೆ ಅದೇ ಹೆಸರು ಇದ್ದಾಗ ಲೋಕಕ್ಕೆಲ್ಲ ನೆನಪಾದವನು ನೆಮೊ.

ಈ ತಾಣದಲ್ಲಿ ಈ ಕಾದಂಬರಿಯ ಇಂಗ್ಲಿಷ್ ಪಾಠಗಳು ಒಂದಕ್ಕಿಂತ ಹೆಚ್ಚಿವೆ, ಎಚ್ಚರ ಬೇಕಾಗಿರುವುದು ಇಲ್ಲಿಯೇ. 164ನೇ ಸಂಖ್ಯೆಯ ಪುಸ್ತಕವು ಬೆಂಡಿನ ಅಂಗಿಯ ಹಳೆಯ ಮರ್ಸಿಯರ್ ಪಾಠ. ಅಮೆರಿಕದ ನೆಬ್ರಾಸ್ಕ ಕಡೆಯ 'ಬ್ಯಾಡ್‌ಲ್ಯಾಂಡ್ಸ್' ಎಂಬ ಬಂಜರು ಭೂಮಿಯಿಂದ ಮರಳಿದ, ಕಥೆ ಹೇಳುವ ಪ್ರಾಧ್ಯಾಪಕನು ಅದರಲ್ಲಿ 'ಅಹಿತಕರ' ಪ್ರದೇಶದಿಂದ ಮರಳುತ್ತಾನೆ. ಇದಕ್ಕಿಂತ ನೋವಿನ ಸಂಗತಿಯೆಂದರೆ, ವಿಜ್ಞಾನದ ವಿವರಗಳೂ ರಾಜಕೀಯದ ಮಾತುಗಳೂ ಕತ್ತರಿಗೆ ಸಿಕ್ಕಿದ್ದರಿಂದ, ಇಂಗ್ಲಿಷ್ ಬಲ್ಲ ಲೋಕಕ್ಕೆ ವರ್ನ್ ಅವರು ಸುಮಾರು ಒಂದು ಶತಮಾನದ ಕಾಲ ಲೆಕ್ಕ ತಪ್ಪುವ ಮಕ್ಕಳ ಲೇಖಕರಾಗಿ ಕಾಣಿಸಿದರು. 1965ರಲ್ಲಿ ವಾಲ್ಟರ್ ಜೇಮ್ಸ್ ಮಿಲ್ಲರ್ ಅವರು ಹೊಸ ಆವೃತ್ತಿಯೊಂದಿಗೆ ಈ ಅನ್ಯಾಯವನ್ನು ಬಯಲಿಗೆ ತಂದರು. ಹಾಗಿದ್ದೂ ಹಳೆಯ ಪಾಠ ಮಾಯವಾಗದಿರಲು ಕಾರಣ ಸರಳವಾದದ್ದು: ಅದಕ್ಕೆ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಹೊಸ ರಟ್ಟು ಹಾಕಿ ಮಾರಬಹುದು. ಗುಟೆನ್‌ಬರ್ಗಿನಲ್ಲಿ 2488ನೇ ಸಂಖ್ಯೆಯಲ್ಲಿ ಎಫ್. ಪಿ. ವಾಲ್ಟರ್ ಅವರು 1991ರಲ್ಲಿ ಸಿದ್ಧಪಡಿಸಿದ ಪೂರ್ಣ ಅನುವಾದವಿದೆ. ಇಂದಿನ ಕಾಲದ, ಕತ್ತರಿಸದ ಅನುವಾದವೊಂದು ಉಚಿತವಾಗಿ ಸಿಗುವುದು ಎಷ್ಟು ಅಪರೂಪವೆಂಬುದು ಈ ಕ್ಷೇತ್ರದಲ್ಲಿ ಓದುವವರಿಗೆಲ್ಲ ಗೊತ್ತು. ಇಡೀ ಕಪಾಟಿನಲ್ಲಿ ನಾನು ಅತ್ಯಂತ ಬೆಲೆಯುಳ್ಳದ್ದೆಂದು ತಿಳಿದಿರುವ ಪುಸ್ತಕ ಇದೇ.

ನೆಮೊ ಯಾರು ಎಂಬ ಪ್ರಶ್ನೆಗೆ ಉತ್ತರವಿರುವುದು ಮುಂದಿನ ಕಾದಂಬರಿಯಾದ 'ದ ಮಿಸ್ಟೀರಿಯಸ್ ಐಲೆಂಡ್'ನಲ್ಲಿ. ವರ್ನ್ ಅವರು ಮೊದಲು ಅವನನ್ನು ರಷ್ಯದ ದಬ್ಬಾಳಿಕೆಗೆ ಸಿಕ್ಕ ಪೋಲೆಂಡಿನವನೆಂದು ಭಾವಿಸಿದ್ದರು. ರಷ್ಯದ ಓದುಗರನ್ನು ಕಳೆದುಕೊಳ್ಳಲು ಬಯಸದ ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. 1874 ಮತ್ತು 1875ರಲ್ಲಿ ಬಂದ ಈ ಎರಡನೆಯ ಕಾದಂಬರಿಯಲ್ಲಿ ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪುವಿನ ಸೋದರಳಿಯ, 1857ರ ಹೋರಾಟದಲ್ಲಿ ಮಡದಿ ಮಕ್ಕಳನ್ನು ಕಳೆದುಕೊಂಡವನು. ಪರದೆಯ ಮೇಲೆ ಅವನನ್ನು ಬಹುಕಾಲ ಭಾರತೀಯರಲ್ಲದ ನಟರೇ ನಿರ್ವಹಿಸಿದ್ದರಿಂದ ಈ ಸಂಗತಿ ಜನಮನದಲ್ಲಿ ನಿಲ್ಲಲೇ ಇಲ್ಲ. ಇಂಗ್ಲಿಷ್ ಓದುಗರಿಗೂ ಅದು ಪೂರ್ತಿಯಾಗಿ ಮುಟ್ಟಲಿಲ್ಲ; ಬಹಳ ಪ್ರಚಾರದಲ್ಲಿದ್ದ ಕಿಂಗ್‌ಸ್ಟನ್ ಅನುವಾದದಲ್ಲಿ ಸಾಯುತ್ತಿರುವ ನೆಮೊ ಆಡುವ ಸಾಮ್ರಾಜ್ಯವಿರೋಧಿ ಮಾತುಗಳನ್ನು ಒರೆಸಿಹಾಕಲಾಗಿತ್ತು. ಅದನ್ನು ಗುರುತಿಸಲು ಸುಲಭವಾದ ಉಪಾಯವಿದೆ. ಕಥೆಯ ಎಂಜಿನಿಯರನ ಹೆಸರು ಹಾರ್ಡಿಂಗ್ ಎಂದಿದ್ದರೆ ಅದು ಕಿಂಗ್‌ಸ್ಟನ್ ಪಾಠ, ಮೂಲದಂತೆ ಸ್ಮಿತ್ ಎಂದಿದ್ದರೆ ಸ್ಟೀಫನ್ ವೈಟ್ ಅವರ ಪಾಠ. ಈ ಎರಡನೆಯದೂ ಇದೇ ತಾಣದಲ್ಲಿದೆ. ನೆಮೊನ ಕೊನೆಯ ಮಾತಿನ ಕಥೆಯಂತೂ ಇನ್ನೂ ಹಿಂದಕ್ಕೆ ಹೋಗುತ್ತದೆ. ಹಸ್ತಪ್ರತಿಯಲ್ಲಿ ಅವನು ಸ್ವಾತಂತ್ರ್ಯ ಎಂಬ ಒಂದೇ ಪದವನ್ನು ಉಚ್ಚರಿಸಿ ಪ್ರಾಣ ಬಿಡುತ್ತಾನೆ. ಪ್ರಕಾಶಕರ ಒತ್ತಾಯದಿಂದ ಅಚ್ಚಿನಲ್ಲಿ ಅದು ದೇವರು ಮತ್ತು ತಾಯ್ನಾಡು ಎಂದಾಯಿತು.

'ಜರ್ನಿ ಟು ದ ಸೆಂಟರ್ ಆಫ್ ದಿ ಅರ್ತ್' ಓದಬಯಸುವವರು ಇಂಥದೇ ಇನ್ನೊಂದು ಪರೀಕ್ಷೆ ಮಾಡಬೇಕು. ಪ್ರಾಧ್ಯಾಪಕನ ಹೆಸರು ಹಾರ್ಡ್‌ವಿಗ್ ಎಂದು ಕಂಡರೆ ಆ ಕಡತವನ್ನು ಮುಚ್ಚಿಬಿಡುವುದು ಒಳ್ಳೆಯದು. 1871ರ ಆ ಪಾಠದಲ್ಲಿ ಅನುವಾದಕರ ಹೆಸರೇ ಇಲ್ಲ, ಮೂಲದಲ್ಲಿಲ್ಲದ ಪ್ರಸಂಗಗಳು ಮಾತ್ರ ಇವೆ. ಲೀಡೆನ್‌ಬ್ರಾಕ್ ಎಂಬ ಹೆಸರುಳ್ಳ ಮ್ಯಾಲೆಸನ್ ಅವರ 1877ರ ಅನುವಾದ ಎಷ್ಟೋ ಪಾಲು ಮೂಲನಿಷ್ಠ.

ಎಚ್. ಜಿ. ವೆಲ್ಸ್ ಇಂಗ್ಲಿಷಿನಲ್ಲೇ ಬರೆದವರಾದ್ದರಿಂದ ಅವರ ಪುಸ್ತಕಗಳಿಗೆ ಈ ತೊಡಕಿಲ್ಲ. 1895ರ 'ದ ಟೈಮ್ ಮಷೀನ್' ಗಾತ್ರದಲ್ಲಿ ಚಿಕ್ಕದು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಹಳೆಯ ವಿಜ್ಞಾನ ಕಥೆಗಳನ್ನು ಎಂದೂ ಮುಟ್ಟದವರಿಗೆ ನಾನು ಮೊದಲು ಕೈಗೆ ಕೊಡುವುದು ಇದನ್ನೇ. ಕಾಲಯಂತ್ರ ಎಂಬ ಮಾತು ಇಂದು ಎಷ್ಟು ಸಲೀಸಾಗಿ ನಮ್ಮ ಬಾಯಲ್ಲಿ ಬರುತ್ತದೆಂದರೆ, ಅದನ್ನು ಒಬ್ಬ ಲೇಖಕರು ಟಂಕಿಸಬೇಕಾಯಿತು ಎಂಬುದೇ ಮರೆತುಹೋಗಿದೆ. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆಗಳು ಇದಕ್ಕೂ ಮೊದಲು ಇದ್ದವು, ಆದರೆ ಅಲ್ಲಿನ ನಾಯಕರು ಸಾಮಾನ್ಯವಾಗಿ ನಿದ್ದೆಯಿಂದಲೋ ಕನಸಿನಿಂದಲೋ ಬೇರೆ ಕಾಲಕ್ಕೆ ಎದ್ದು ಬರುತ್ತಿದ್ದರು. ಆಸನದ ಮೇಲೆ ಕುಳಿತು, ಸನ್ನೆಕೋಲು ಎಳೆದು, ಬೇಕಾದ ಕಾಲಕ್ಕೆ ಸ್ವಂತ ಇಚ್ಛೆಯಿಂದ ಹೋಗುವ ಪ್ರಯಾಣವನ್ನು ಜನಪ್ರಿಯಗೊಳಿಸಿದವರು ವೆಲ್ಸ್. 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ದೂರದರ್ಶನ ಸರಣಿಯ ನೀಲಿ ಪೆಟ್ಟಿಗೆಯೂ, 1985ರ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದ ಮೋಟಾರು ಕಾರೂ ಆ ಆಸನದ ಸಂತಾನಗಳೇ.

ಆದರೆ 8,02,701ನೇ ಇಸವಿಗೆ ಹೋದ ಪ್ರಯಾಣಿಕ ಅಲ್ಲಿ ಕಂಡದ್ದು ಬೆರಗಿನ ನಗರಗಳನ್ನಲ್ಲ. ದುಡಿಮೆ ಮರೆತ ಸಿರಿವಂತರ ಪೀಳಿಗೆ ಎಲಾಯ್ ಎಂಬ ಮೃದು, ಬುದ್ಧಿಗೇಡಿ ಜೀವಿಗಳಾಗಿದೆ. ನೆಲದಡಿಯ ಕಾರ್ಖಾನೆಗಳಿಗೆ ತಳ್ಳಲ್ಪಟ್ಟ ದುಡಿಯುವವರ ಪೀಳಿಗೆ ಮಾರ್ಲಾಕ್ ಆಗಿ, ರಾತ್ರಿ ಮೇಲೆ ಬಂದು ಎಲಾಯ್‌ಗಳನ್ನು ತಿನ್ನುತ್ತದೆ. ತನ್ನ ಕಾಲದ ಸಮಾಜವನ್ನು ನೇರವಾಗಿ ಕೆಣಕಲು ಹುಟ್ಟಿದ ಯಂತ್ರವನ್ನು ನಂತರದವರು ಹೆಚ್ಚಾಗಿ ಮೋಜಿನ ವಾಹನವನ್ನಾಗಿಸಿಕೊಂಡರು. ಪುಸ್ತಕದ ಕೊನೆಯ ಭಾಗದ ಕಡಲತೀರ, ಊದಿಕೊಂಡ ಕೆಂಪು ಸೂರ್ಯ, ನಿಶ್ಶಬ್ದದಲ್ಲಿ ತೆವಳುವ ಏಡಿಯಂಥ ಜೀವಿಗಳು, ಆ ಮೂರು ನಾಲ್ಕು ಪುಟಗಳಿಗೆ ಸಮನಾದ ದೃಶ್ಯವನ್ನು ನಾನು ಯಾವ ಪರದೆಯ ಮೇಲೂ ಕಂಡಿಲ್ಲ.

1898ರ 'ದ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಗೆ ಇದಕ್ಕಿಂತ ಹೆಚ್ಚಿನ ನಷ್ಟವಾಗಿದೆ. ಅನ್ಯಗ್ರಹ ಜೀವಿಗಳ ದಾಳಿ ಎಂಬ ವಸ್ತುವಿನ ಬಹುಪಾಲು ಸಾಮಗ್ರಿ ಇಲ್ಲಿಂದಲೇ ಬಂದದ್ದು: ಆಕಾಶದಿಂದ ಬೀಳುವ ಉರುಳೆಗಳು, ಮೂರು ಕಾಲಿನ ಯಂತ್ರಗಳು, ಸುಡುವ ಕಿರಣ, ಗುಳೆ ಏಳುವ ನಗರ. 1938ರ ಅಕ್ಟೋಬರ್ 30ರಂದು ನಟ, ನಿರ್ದೇಶಕ ಆರ್ಸನ್ ವೆಲ್ಸ್ ಅವರ ರೇಡಿಯೊ ನಾಟಕ ಇದನ್ನು ಅಮೆರಿಕದ ನ್ಯೂಜೆರ್ಸಿಗೆ ತಂದಿತು. 1953ರ ಚಲನಚಿತ್ರ ಕ್ಯಾಲಿಫೋರ್ನಿಯಕ್ಕೆ ಒಯ್ದಿತು. ರೇಡಿಯೊ ಕೇಳಿ ಇಡೀ ದೇಶ ಬೀದಿಗಿಳಿಯಿತೆಂಬ ಮಾತು ಪತ್ರಿಕೆಗಳು ಊದಿ ದೊಡ್ಡದು ಮಾಡಿದ್ದೆಂದು ಇತಿಹಾಸಕಾರರು ಈಗ ಹೇಳುತ್ತಾರೆ. ಹೀಗೆ ಪ್ರತಿಯೊಬ್ಬರೂ ದಾಳಿಯನ್ನು ತಮ್ಮ ಅಂಗಳಕ್ಕೆ ತಂದುಕೊಂಡಾಗ ಮೂಲದ ತಿರುಳೇ ಜಾರಿಹೋಯಿತು. ಎಚ್. ಜಿ. ವೆಲ್ಸ್ ಅವರ ಮಂಗಳವಾಸಿಗಳು ಇಳಿಯುವುದು ಆ ಕಾಲದ ಅತಿ ದೊಡ್ಡ ಸಾಮ್ರಾಜ್ಯದ ರಾಜಧಾನಿ ಲಂಡನ್ನಿನ ಬಾಗಿಲಲ್ಲಿ. ಮೊದಲ ಅಧ್ಯಾಯದಲ್ಲೇ ಲೇಖಕರು ಟಾಸ್ಮೇನಿಯದ ಮೂಲನಿವಾಸಿಗಳನ್ನು ಯುರೋಪಿನ ವಲಸಿಗರು ಐವತ್ತು ವರ್ಷಗಳಲ್ಲಿ ಅಳಿಸಿಹಾಕಿದರೆಂದು ಬರೆದು, ಅಂಥವರು ಮಂಗಳವಾಸಿಗಳ ಬಗ್ಗೆ ದೂರುವುದು ನ್ಯಾಯವೇ ಎಂದು ಕೇಳುತ್ತಾರೆ. ಈ ಒಂದು ಪ್ಯಾರಾ ಓದಿದ ಮೇಲೆ ಮುಂದಿನ ಬೆಂಕಿ, ಹೊಗೆ, ಓಟಗಳ ಅರ್ಥವೇ ಬದಲಾಗುತ್ತದೆ. ಗುಟೆನ್‌ಬರ್ಗಿನಲ್ಲಿ ಇದರ ಸಂಖ್ಯೆ 36, 'ದ ಟೈಮ್ ಮಷೀನ್' ಅದರ ಹಿಂದಿನದೇ, 35.

ಈ ಪುಸ್ತಕಗಳ ಪ್ರಭಾವ ಮನರಂಜನೆಗಷ್ಟೇ ಸೀಮಿತವಾಗಿರಲಿಲ್ಲ. ಮಂಗಳದ ದಾಳಿಯ ಕಥೆಯನ್ನು ಹದಿಹರೆಯದಲ್ಲಿ ಓದಿದ ರಾಬರ್ಟ್ ಗೊಡಾರ್ಡ್, 1899ರ ಅಕ್ಟೋಬರಿನಲ್ಲಿ ಒಂದು ಚೆರಿ ಮರವನ್ನೇರಿ ಕುಳಿತು ಮಂಗಳಕ್ಕೆ ಹೋಗುವ ಯಂತ್ರದ ಕನಸು ಕಂಡರು. 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದವರು ಅವರೇ. ರಷ್ಯದ ತ್ಸಿಯೊಲ್ಕೋವ್‌ಸ್ಕಿ, ಜರ್ಮನ್ ಭಾಷೆಯ ಹರ್ಮನ್ ಓಬರ್ತ್ ಎಂಬ ರಾಕೆಟ್ ವಿಜ್ಞಾನಿಗಳಿಬ್ಬರೂ ವರ್ನ್ ಅವರ ಚಂದ್ರಯಾನದ ಕಥೆಗೆ ತಮ್ಮ ಋಣವನ್ನು ಒಪ್ಪಿಕೊಂಡವರು. ಓಬರ್ತ್ ಸಲಹೆಗಾರರಾಗಿದ್ದ 1929ರ ಜರ್ಮನ್ ಮೂಕಿಚಿತ್ರವೊಂದರಲ್ಲಿ ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ ಉಡಾವಣೆಯ ಮುನ್ನ ಸಂಖ್ಯೆಗಳನ್ನು ಹಿಂದು ಹಿಂದಾಗಿ ತೋರಿಸಿದರು. ಇಂದು ನಿಜವಾದ ರಾಕೆಟ್ಟುಗಳ ಮುಂದೆ ನಡೆಯುವ ಕ್ಷಣಗಣನೆ ಜನರಿಗೆ ಮೊದಲು ಪರಿಚಯವಾದದ್ದು ಆ ಪರದೆಯಿಂದ. 1969ರ ಜುಲೈಯಲ್ಲಿ ಚಂದ್ರನಿಂದ ಮರಳುವ ದಾರಿಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ ಪ್ರಸಾರದಲ್ಲಿ ವರ್ನ್ ಅವರ ಕಾದಂಬರಿಯನ್ನು ಸ್ಮರಿಸಿದರು. ಫ್ಲಾರಿಡದಿಂದ ಹೊರಟು ಪೆಸಿಫಿಕ್ ಸಾಗರದಲ್ಲಿ ಇಳಿಯುವ ಮೂವರು ಪ್ರಯಾಣಿಕರು ಆ ಹಳೆಯ ಕಥೆಯಲ್ಲೂ ಇದ್ದರು. ಮನಸ್ಸನ್ನು ಕಲಕುವ ಕೊಂಡಿಯೂ ಒಂದಿದೆ. ವೆಲ್ಸ್ ಅವರು 1914ರ 'ದ ವರ್ಲ್ಡ್ ಸೆಟ್ ಫ್ರೀ' ಕಾದಂಬರಿಯಲ್ಲಿ ಅಣುಬಾಂಬ್ ಎಂಬ ಹೆಸರನ್ನು ಬಳಸಿದ್ದರು. ಅದನ್ನು 1932ರಲ್ಲಿ ಓದಿದ ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಅವರಿಗೆ ಮರುವರ್ಷ ಲಂಡನ್ನಿನಲ್ಲಿ ಅಣುಬಾಂಬಿಗೆ ಆಧಾರವಾದ ಸರಪಳಿ ಕ್ರಿಯೆಯ ಕಲ್ಪನೆ ಹೊಳೆಯಿತು. ಈ ಕಾದಂಬರಿಯೂ ಇದೇ ಕಪಾಟಿನಲ್ಲಿದೆ. ಕಥೆಯಾಗಿ ಸಡಿಲವಾದರೂ ಆ ಕಾರಣಕ್ಕಾಗಿ ಓದಲೇಬೇಕಾದದ್ದು.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. ಎಡ್ಗರ್ ರೈಸ್ ಬರೋಸ್ ಅವರ 'ಎ ಪ್ರಿನ್ಸೆಸ್ ಆಫ್ ಮಾರ್ಸ್' 1912ರಲ್ಲಿ ಪತ್ರಿಕೆಯಲ್ಲಿ ಬಂದದ್ದು. ಅದರ ವಂಶದಲ್ಲಿ 1934ರ 'ಫ್ಲ್ಯಾಶ್ ಗಾರ್ಡನ್' ಚಿತ್ರಕಥೆ ಹುಟ್ಟಿತು, ಆ ಚಿತ್ರಕಥೆಯ ಹಕ್ಕು ಸಿಗದ ಕಾರಣ ಜಾರ್ಜ್ ಲೂಕಸ್ ತಮ್ಮದೇ ಆದ 'ಸ್ಟಾರ್ ವಾರ್ಸ್' ಚಿತ್ರವನ್ನು 1977ರಲ್ಲಿ ತೆರೆಗೆ ತಂದರು. ವಂಶಾವಳಿಗಾಗಿ ಒಮ್ಮೆ ಓದಬಹುದು, ಆದರೆ ಅದರಲ್ಲಿನ ಜನಾಂಗೀಯ ಮೇಲರಿಮೆ ನನಗೆ ಸಹಿಸಲು ಕಷ್ಟವಾಯಿತು. ಕಾನನ್ ಡಾಯ್ಲ್ ಅವರ 1912ರ 'ದ ಲಾಸ್ಟ್ ವರ್ಲ್ಡ್' ಇಂದಿಗೂ ಲವಲವಿಕೆಯಿಂದ ಓದಿಸಿಕೊಳ್ಳುತ್ತದೆ. ಅದರ 1925ರ ಚಲನಚಿತ್ರದಲ್ಲಿ ಬೊಂಬೆ ಡೈನೋಸಾರುಗಳನ್ನು ಒಂದೊಂದೇ ಚೌಕಟ್ಟಿನಲ್ಲಿ ಅಲುಗಾಡಿಸಿ ನಡೆಸಿದ ವಿಲ್ಲಿಸ್ ಓಬ್ರಿಯನ್ ಅವರೇ 1933ರಲ್ಲಿ 'ಕಿಂಗ್ ಕಾಂಗ್' ಚಿತ್ರದ ದೈತ್ಯ ವಾನರನಿಗೂ ಜೀವ ತುಂಬಿದರು. ಕಾರೆಲ್ ಚಾಪೆಕ್ ಅವರ ನಾಟಕ 'ಆರ್.ಯು.ಆರ್.' ಕೂಡ ಇಲ್ಲಿದೆ. ರೋಬಾಟ್ ಎಂಬ ಪದ ಲೋಕಕ್ಕೆ ಬಂದದ್ದು ಅದರಿಂದ, ಆದರೆ ಆ ನಾಟಕದ ರೋಬಾಟುಗಳು ಲೋಹದವಲ್ಲ, ಮಾಂಸದಂಥ ವಸ್ತುವಿನಿಂದ ಮಾಡಿದವು.

ಸೇವೆಯ ಮಿತಿಗಳನ್ನೂ ಹೇಳಬೇಕು. ಅನುವಾದಕರ ಹೆಸರು ಪುಸ್ತಕದ ವಿವರಗಳ ನಡುವೆ ಚಿಕ್ಕದಾಗಿ ಇರುತ್ತದೆ, ಹುಡುಕಾಟದ ಫಲಿತಾಂಶದಲ್ಲಿ ಎದ್ದು ಕಾಣುವುದಿಲ್ಲ. ಒಂದೇ ಕೃತಿಯ ಒಳ್ಳೆಯ ಪಾಠವೂ ಕೆಟ್ಟ ಪಾಠವೂ ಅಕ್ಕಪಕ್ಕದಲ್ಲಿ ಸಮಾನ ಮರ್ಯಾದೆಯಿಂದ ನಿಂತಿರುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಹೊಸಬರು ಹೆಚ್ಚು ಇಳಿಸಿಕೊಂಡದ್ದನ್ನೇ ಉತ್ತಮವೆಂದು ತಿಳಿಯುವ ಸಾಧ್ಯತೆ ಇದೆ. ಮುಖಪುಟಗಳು ಅನೇಕ ಕಡೆ ನೀರಸ. ವರ್ನ್ ಅವರ ಮೂಲ ಆವೃತ್ತಿಗಳ ಜೀವಾಳವಾಗಿದ್ದ ಕೆತ್ತನೆ ಚಿತ್ರಗಳು ಎಲ್ಲ ಕಡತಗಳಲ್ಲೂ ಇರುವುದಿಲ್ಲ, ಆದ್ದರಿಂದ ಇಳಿಸಿಕೊಳ್ಳುವಾಗ ಚಿತ್ರಸಹಿತ ಕಡತವನ್ನು ನೋಡಿ ಆರಿಸಬೇಕು. ಅಕ್ಷರ ವಿನ್ಯಾಸದ ಅಚ್ಚುಕಟ್ಟನ್ನು ಬಯಸುವವರಿಗೆ ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ಇನ್ನೊಂದು ಸ್ವಯಂಸೇವಕ ಯೋಜನೆ ಹೆಚ್ಚು ಹಿತವಾಗಬಹುದು, ಅಲ್ಲಿ ಪುಸ್ತಕಗಳ ಸಂಖ್ಯೆ ಬಹಳ ಕಡಿಮೆ. ಗುಟೆನ್‌ಬರ್ಗ್ ತಾಣವು ಅಮೆರಿಕದ ಕಾಯ್ದೆಯಂತೆ, ಪ್ರಕಟವಾಗಿ 95 ವರ್ಷ ಕಳೆದವುಗಳಿಗೆ ಮುಖ್ಯವಾಗಿ ಸೀಮಿತವಾಗಿದೆ. ಬೇರೆ ದೇಶಗಳಲ್ಲಿರುವ ಓದುಗರು ತಮ್ಮ ತಮ್ಮ ಕಾಯ್ದೆಯನ್ನು ನೋಡಿಕೊಳ್ಳಬೇಕು. ಹಾಗೆಂದು ಕಪಾಟು 1920ರ ದಶಕಕ್ಕೇ ನಿಂತುಬಿಡುವುದಿಲ್ಲ. 1963ರವರೆಗೆ ಅಚ್ಚಾದವುಗಳ ಹಕ್ಕನ್ನು 28 ವರ್ಷಗಳ ನಂತರ ನವೀಕರಿಸಬೇಕೆಂಬ ನಿಯಮ ಆ ದೇಶದಲ್ಲಿತ್ತು. ಯಾರೂ ನವೀಕರಿಸದೆ ಬಿಟ್ಟ 1950ರ ದಶಕದ ಪತ್ರಿಕೆಗಳ ವಿಜ್ಞಾನ ಕಥೆಗಳು ರಾಶಿ ರಾಶಿಯಾಗಿ ಇಲ್ಲಿ ಸಿಗುತ್ತವೆ. ಅವುಗಳಲ್ಲಿ ಕಾಳು ಕಡಿಮೆ, ಜೊಳ್ಳು ಹೆಚ್ಚು. ಆದರೂ ತೂರಿಕೊಳ್ಳುವ ವ್ಯವಧಾನವಿರುವವರಿಗೆ ನಷ್ಟವಿಲ್ಲ.

ಕೇಳಿ ಆನಂದಿಸುವವರಿಗಾಗಿ 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬ ಸೋದರ ಸೇವೆಯಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತಾರೆ. ಅಧ್ಯಾಯಕ್ಕೊಬ್ಬರಂತೆ ಹಂಚಿಕೊಂಡು ಓದಿದ ಪುಸ್ತಕಗಳಲ್ಲಿ ದನಿಯೂ ಉಚ್ಚಾರಣೆಯೂ ಬದಲಾಗುತ್ತ ಹೋಗಿ ಕಥೆಯ ಹಿಡಿತ ಸಡಿಲುತ್ತದೆ. ಒಬ್ಬರೇ ಪೂರ್ತಿ ಓದಿದ ಮುದ್ರಣವನ್ನು ಹುಡುಕಿಕೊಳ್ಳುವುದು ಮೇಲು. 2023ರಲ್ಲಿ ಗುಟೆನ್‌ಬರ್ಗ್ ಸಹ ಕೃತಕ ಧ್ವನಿಯಲ್ಲಿ ಸಾವಿರಾರು ಪುಸ್ತಕಗಳನ್ನು ಹೊರತಂದಿತು. ಕಣ್ಣಿನ ತೊಂದರೆ ಇರುವವರಿಗೆ ಅದರ ಪ್ರಯೋಜನ ದೊಡ್ಡದು. ಆದರೂ ಫ್ರಾಂಕೆನ್‌ಸ್ಟೈನನ ಜೀವಿ ಗೋಡೆಯ ಬಿರುಕಿನಾಚೆ ನಿಂತು ಮನುಷ್ಯರ ದನಿಗೆ ಹಂಬಲಿಸುವ ಅಧ್ಯಾಯಗಳನ್ನು ಮನುಷ್ಯರ ದನಿಯಲ್ಲೇ ಕೇಳಬೇಕೆಂಬುದು ನನ್ನ ಆಸೆ.

ಐದರಲ್ಲಿ ಅಂಕ ಕೊಡಬೇಕೆಂದರೆ ನಾಲ್ಕೂವರೆ ಕೊಡುತ್ತೇನೆ. ಕಡಿಮೆಯಾದ ಅರ್ಧ ಅಂಕ ಪಾಠಗಳ ಗುಣವನ್ನು ಓದುಗರಿಗೆ ತಿಳಿಸದಿರುವುದಕ್ಕೆ. ಎಲ್ಲಿಂದ ತೊಡಗಬೇಕೆಂದು ಕೇಳುವವರು 2488ನೇ ಸಂಖ್ಯೆಯ ಪುಸ್ತಕವನ್ನು ತೆರೆದು, ಎರಡನೆಯ ಭಾಗದ ಮೂರನೆಯ ಅಧ್ಯಾಯಕ್ಕೆ ಹೋಗಲಿ. ಸಿಂಹಳದ ಮುತ್ತಿನ ದಂಡೆಯ ಬಳಿ, ಶಾರ್ಕಿನ ಬಾಯಿಗೆ ಸಿಕ್ಕಲಿದ್ದ ಒಬ್ಬ ಬಡ ಮುಳುಗುಗಾರನನ್ನು ನೆಮೊ ಕಠಾರಿ ಹಿಡಿದು ಹೋಗಿ ಉಳಿಸುತ್ತಾನೆ, ತನ್ನ ಜೇಬಿನ ಮುತ್ತಿನ ಚೀಲವನ್ನು ಅವನ ಕೈಗಿಡುತ್ತಾನೆ. ಮನುಕುಲವನ್ನೇ ತೊರೆದ ನೀನು ಇವನಿಗಾಗಿ ಏಕೆ ಪ್ರಾಣ ಒಡ್ಡಿದೆ ಎಂಬ ಭಾವದಲ್ಲಿ ಪ್ರಾಧ್ಯಾಪಕನು ಮಾತೆತ್ತಿದಾಗ, ಇವನು ತುಳಿತಕ್ಕೊಳಗಾದವರ ನಾಡಿನವನು, ಕೊನೆಯ ಉಸಿರಿರುವ ತನಕ ನಾನೂ ಆ ನಾಡಿನವನೇ ಎಂಬರ್ಥದ ಉತ್ತರವನ್ನು ನೆಮೊ ಕೊಡುತ್ತಾನೆ. ಅವನ ಹುಟ್ಟೂರು ಯಾವುದೆಂದು ಆ ಹೊತ್ತಿಗೆ ಓದುಗರಿಗೂ ತಿಳಿದಿರುವುದಿಲ್ಲ, ಪ್ರಾಧ್ಯಾಪಕನಿಗೂ ತಿಳಿದಿರುವುದಿಲ್ಲ.